ಕಿಟೆಲ್ ಪಾದ್ರಿ ಮತ್ತು ನಮ್ಮ ಭಾಷಣಕಾರರು

ಮುಂಬಯಿಯ ನಮ್ಮ ಸಂಘದಲ್ಲಿ ರಾಜ್ಯೋತ್ಸವಕ್ಕೆ ಕಿಟೆಲ್ ಫೋಟೋಗೂ ಒಂದು ಹಾರ ಬೀಳುತ್ತೆ. ಹಿಂದಿನ ಸಾಲಲ್ಲಿ ಪಿಸುಮಾತು: 'ಮತಾಂತರಕ್ಕೆ ಬಂದವನಲ್ವೇನ್ರೀ?'

ಹೌದು ಸ್ವಾಮಿ, 1853ರಲ್ಲಿ ಬಾಸೆಲ್ ಮಿಷನ್ ಕಳಿಸಿದ ಲೂಥರನ್ ಪಾದ್ರಿ, ಪಾದ್ರಿಯ ಮಗ. ಯಾರೂ ಮುಚ್ಚಿಟ್ಟಿಲ್ಲ. ಆದರೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಸಂಪಾದಿಸಿ ಅಚ್ಚು ಹಾಕಿಸಿದರೆ ಯಾರ ಜಾತಿ ಕೆಡುತ್ತೆ? 1894ರ ನಿಘಂಟಿನಲ್ಲಿ ಸುಮಾರು 70,000 ಪದ! ಬೈಯುವವರು ಒಂದು ಪುಟವಾದರೂ ತಿರುವಿ ನೋಡಿದ್ದಾರಾ?

ಹೊಗಳುವವರೂ ಕಮ್ಮಿಯಿಲ್ಲ ಬಿಡಿ. ಕಿಟೆಲ್ ಎಂದರೆ ಹೆಂಡತಿ-ಮಕ್ಕಳಿಲ್ಲದ ಸನ್ಯಾಸಿ ಅನ್ನೋ ಹಾಗೆ ಮಾತು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ಸೋದರಿಯನ್ನೇ ಮದುವೆಯಾದರು. ಇಬ್ಬರ ಸುದ್ದಿಯೂ ಭಾಷಣದಲ್ಲಿಲ್ಲ. ಮುಂದಿನ ನವೆಂಬರಿಗೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಪೌಲೀನ್, ಜೂಲಿ.