ಸೋರಿದ ವಿಷಕ್ಕೆ ಜಾಮೀನು ಯಾರು?

1985ನೆಯ ಇಸವಿ ಡಿಸೆಂಬರ್ 4. ಭೋಪಾಲದ ವಿಷಾನಿಲ ದುರಂತಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಅಂದು ದೆಹಲಿಯ ಜನವಸತಿಯ ನಡುವೆಯೇ ಇದ್ದ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ತುಂಬಿದ ಟ್ಯಾಂಕೊಂದು, ಅದನ್ನು ಹೊತ್ತಿದ್ದ ಆಧಾರವೇ ಕುಸಿದುದರಿಂದ ಒಡೆದುಹೋಯಿತು. ಓಲಿಯಂ ಎಂದರೆ ಉಗ್ರ ಗಂಧಕಾಮ್ಲ. ಗಾಳಿಯ ತೇವ ತಾಗಿದೊಡನೆ ಆಮ್ಲದ ಮಂಜಾಗಿ ಹಬ್ಬಿ ಕಣ್ಣು, ಗಂಟಲುಗಳನ್ನು ಸುಡುತ್ತದೆ. ಹೆಚ್ಚಾಗಿ ಒಳಹೊಕ್ಕರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ಇದರಿಂದ ಮೃತರಾದರೆಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ನಿವೇದಿಸಲಾಯಿತು.

ಎಂ. ಸಿ. ಮೆಹ್ತಾ ಅವರು ಹೂಡಿದ್ದ ಆ ಮೊಕದ್ದಮೆಯನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುವುದು 1986ರ ಡಿಸೆಂಬರ್ 20ರ ತೀರ್ಪಿಗಾಗಿ. ಅಪಾಯಕಾರಿ ಉದ್ಯಮ ನಡೆಸುವವನು ತಾನು ಎಷ್ಟೇ ಎಚ್ಚರಿಕೆ ವಹಿಸಿದ್ದೆನೆಂದರೂ ಹಾನಿಯ ಹೊಣೆಯಿಂದ ಪಾರಾಗಲಾರ, ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು ಎಂದು ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ ಸಾರಿತು. ತೀರ್ಪು ಮಹತ್ತ್ವದ್ದೇ. ಆದರೆ ಜನಸಾಮಾನ್ಯನಿಗೆ ಅದಕ್ಕಿಂತ ಹತ್ತಿರದ್ದು, ಅದೇ ವರ್ಷ ಫೆಬ್ರುವರಿ 17ರಂದು ಹೊರಟ, ಅಷ್ಟಾಗಿ ಯಾರೂ ನೆನೆಯದ ಆದೇಶ. ಕಾಸ್ಟಿಕ್ ಕ್ಲೋರೀನ್ ಘಟಕವನ್ನು ಮತ್ತೆ ತೆರೆಯಲು ನ್ಯಾಯಾಲಯ ಅಂದು ಅನುಮತಿ ನೀಡಿತು. ಆದರೆ ಬರಿಗೈಯಲ್ಲಿ ನೀಡಲಿಲ್ಲ. ಓಲಿಯಂ ಸೋರಿಕೆಯ ಸಂತ್ರಸ್ತರಿಗಾಗಿ 20 ಲಕ್ಷ ರೂಪಾಯಿಗಳನ್ನು ಠೇವಣಿ ಇಡಬೇಕು; ಮುಂದಿನ ಮೂರು ವರ್ಷಗಳಲ್ಲಿ ಕ್ಲೋರೀನ್ ಸೋರಿ ಯಾರಿಗಾದರೂ ಸಾವುನೋವು ಉಂಟಾದರೆ ನಗದಾಗಿಸಲು 15 ಲಕ್ಷದ ಬ್ಯಾಂಕ್ ಗ್ಯಾರಂಟಿಯನ್ನು ಒದಗಿಸಬೇಕು; ಕ್ಲೋರೀನ್ ದೇಹಕ್ಕೆ ಏನು ಮಾಡುತ್ತದೆ, ತಕ್ಷಣ ಯಾವ ಚಿಕಿತ್ಸೆ ಮಾಡಬೇಕು ಎಂಬುದನ್ನು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ತೂಗುಹಾಕಬೇಕು; ಸುತ್ತಲಿನವರನ್ನು ಎಚ್ಚರಿಸಲು ಧ್ವನಿವರ್ಧಕಗಳಿರಬೇಕು.

ಇಲ್ಲಿ ಗಮನಿಸಬೇಕಾದುದು ಹಣದ ಮೊತ್ತವನ್ನಲ್ಲ, ಅದು ಬಂದ ಕಾಲವನ್ನು. ಕ್ಲೋರೀನು ಸೋರುವ ಮೊದಲೇ ಅದರ ಪರಿಹಾರಕ್ಕೆ ಹಣ ಸಿದ್ಧವಾಗಿತ್ತು. ದೊಡ್ಡ ಸಾಲ ಕೇಳಿ ಬಂದ ವ್ಯಾಪಾರಿಯಿಂದ ಬ್ಯಾಂಕು ಆಧಾರ ಕೇಳುತ್ತದೆ, ಜಾಮೀನುದಾರನ ಸಹಿ ಕೇಳುತ್ತದೆ. ನೆರೆಹೊರೆಯ ನೂರಾರು ಜನರ ಉಸಿರನ್ನೇ ಒತ್ತೆಯಿಟ್ಟುಕೊಂಡು ವ್ಯವಹಾರ ನಡೆಸುವವನಿಂದ ಮಾತ್ರ ಊರು ಏನನ್ನೂ ಕೇಳುವುದಿಲ್ಲ. ಇದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಬಂತು. ತಪ್ಪು ಯಾರದೆಂದು ಸಾಧಿಸದೆಯೇ ಜಿಲ್ಲಾ ಕಲೆಕ್ಟರರ ಮೂಲಕ ತುರ್ತು ಪರಿಹಾರ ದೊರಕಿಸುವ ಸದುದ್ದೇಶ ಅದರದು. ಆದರೆ ಸಾವಿಗೆ ಅದು ಗೊತ್ತುಮಾಡಿದ್ದ 25,000 ರೂಪಾಯಿ ಮೂವತ್ತು ವರ್ಷ ಕದಲದೆ ನಿಂತಿತು. 2023ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದಿತಾದರೂ ಇನ್ನೊಂದು ತೊಡಕು ಉಳಿದೇ ಇದೆ: ಸರ್ಕಾರ ಗೊತ್ತುಪಡಿಸಿದ ಪ್ರಮಾಣವನ್ನು ಮೀರಿ ರಾಸಾಯನಿಕಗಳನ್ನು ಇಟ್ಟುಕೊಂಡವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಗಲ್ಲಿಯೊಳಗಿನ ಸಣ್ಣ ಗೋದಾಮು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ವಸಂತ್ ಕುಂಜದ ಕನ್ನಡ ಕುಟುಂಬಗಳಿಗೆ ಇದೆಲ್ಲ ದೂರದ ಮಾತೆನಿಸಬಹುದು. ಡಿ.ಡಿ.ಎ. ಫ್ಲ್ಯಾಟುಗಳ ಈ ಬಡಾವಣೆಯಲ್ಲಿ ಕಾರ್ಖಾನೆಗಳಿಲ್ಲ. ಬೆನ್ನಿಗೆ ಅರಾವಳಿಯ ಹಸಿರಿದೆ. ಆದರೆ 2017ರ ಮೇ 6ರಂದು ದಕ್ಷಿಣ ದೆಹಲಿಯಲ್ಲಿಯೇ, ತುಘಲಕಾಬಾದಿನ ಕಂಟೇನರ್ ಡಿಪೋ ಬಳಿ ಸೋರಿದ ರಾಸಾಯನಿಕದಿಂದ ಪಕ್ಕದ ಶಾಲೆಯ ನೂರಾರು ಬಾಲಕಿಯರು ಕಣ್ಣುರಿ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಆ ವಸ್ತು ಚೀನಾದಿಂದ ಬಂದು ಹರಿಯಾಣಕ್ಕೆ ಹೊರಟಿದ್ದ ಸರಕು. ದೆಹಲಿಗೆ ಅದು ದಾರಿಹೋಕ ಮಾತ್ರ. ದಾರಿಹೋಕ ವಿಷದ ರುಚಿ ಕರ್ನಾಟಕಕ್ಕೂ ಗೊತ್ತು: 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಹೊತ್ತಿಕೊಂಡಾಗ ರಸ್ತೆಯಂಚಿನ ಮನೆಗಳವರೂ ಬಲಿಯಾದರು. ವಸಂತ್ ಕುಂಜದ ಪಕ್ಕದಲ್ಲಿ, ಮಹಿಪಾಲಪುರ ರಂಗ್‌ಪುರಿಗಳ ಮಗ್ಗುಲಲ್ಲೇ, ಜಯಪುರದ ಹೆದ್ದಾರಿ ಹಾದುಹೋಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಗುಜರಿಯ ಅಂಗಡಿಗಳಿವೆ; ಪೆಟ್ರೋಲ್ ಬಂಕುಗಳಿವೆ; ದೊಡ್ಡ ಕಟ್ಟಡಗಳ ಜನರೇಟರುಗಳಿಗೆ ಡೀಸೆಲ್ ದಾಸ್ತಾನಿದೆ. ಇಲ್ಲಿನ ನೆಲದಡಿಯ ಬಂಡೆ ಬಿರುಕುಗಳಿಂದ ಕೂಡಿದ್ದು. ಮೇಲೆ ಚೆಲ್ಲಿದ್ದು ಆ ಬಿರುಕುಗಳಲ್ಲಿ ಇಳಿದು ಕೊಳವೆಬಾವಿಯ ನೀರನ್ನು ಸೇರಲು ಹಾದಿ ಸುಲಭ. ನೀರಿನ ಅಭಾವಕ್ಕೆ ಬಾಲ್ಕನಿಯಲ್ಲಿಟ್ಟುಕೊಳ್ಳುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಕೇಳಿ ಕೊಂಡವರು ಎಷ್ಟು ಮಂದಿ?

ನಿಯಮಗಳು ಇಲ್ಲವೆಂದಲ್ಲ. 1996ರ ರಾಸಾಯನಿಕ ಅಪಘಾತ ನಿಯಮಗಳು ಕೇಂದ್ರದಿಂದ ಹಿಡಿದು ಸ್ಥಳೀಯ ಮಟ್ಟದವರೆಗೆ ವಿಪತ್ತು ಸಮಿತಿಗಳಿರಬೇಕೆನ್ನುತ್ತವೆ. ಕೊರತೆಯಿರುವುದು ಬಡಾವಣೆಯ ಮಟ್ಟದ ಕಟ್ಟುಪಾಡಿನಲ್ಲಿ. ಅಪಾಯಕಾರಿ ವಸ್ತುಗಳ ದಾಸ್ತಾನು ಮಾಡುವ ಯಾವುದೇ ಅಂಗಡಿ, ಗೋದಾಮಿಗೆ ನಗರಪಾಲಿಕೆ ಪರವಾನಗಿ ಕೊಡುವಾಗಲೇ, 1986ರ ಫೆಬ್ರುವರಿಯ ಆದೇಶದ ಸಾರವನ್ನು ಅದರ ಷರತ್ತುಗಳಲ್ಲಿ ಸೇರಿಸುವುದು ಕಷ್ಟವೇನಲ್ಲ. ಏನು, ಎಷ್ಟು ಇಟ್ಟಿದೆ ಎಂಬ ಪಟ್ಟಿ ಬಾಗಿಲಿನಲ್ಲಿರಲಿ. ದಾಸ್ತಾನಿಗೆ ತಕ್ಕ ಬ್ಯಾಂಕ್ ಗ್ಯಾರಂಟಿ ಪಾಲಿಕೆಯ ಕೈಯಲ್ಲಿರಲಿ. ಸೋರಿದರೆ ಅಗ್ನಿಶಾಮಕ ದಳದ ಖರ್ಚು, ನೆಲ ತೊಳೆದ ಖರ್ಚು, ಆಸ್ಪತ್ರೆಯ ಖರ್ಚು ಅದರಿಂದಲೇ ಸಲ್ಲಲಿ. ಅಮೆರಿಕದ ಅನೇಕ ಊರುಗಳಲ್ಲಿ ಇಂಥ ಖರ್ಚನ್ನು ಚೆಲ್ಲಿದವನಿಂದಲೇ ವಸೂಲು ಮಾಡುವ ಸ್ಥಳೀಯ ಶಾಸನಗಳಿವೆ. ನೆರೆಯಲ್ಲಿ ಯಾವ ರಾಸಾಯನಿಕವಿದೆ ಎಂದು ತಿಳಿಯುವ ಹಕ್ಕನ್ನು ಅಲ್ಲಿನ ಜನರಿಗೆ ಕೊಟ್ಟ 1986ರ ಕಾನೂನು ಹುಟ್ಟಿದ್ದು ನಮ್ಮ ಭೋಪಾಲದ ನೋವಿನಿಂದ ಎಂಬುದು ವಿಷಾದದ ಸಂಗತಿ.

ಸಣ್ಣ ವ್ಯಾಪಾರಿಗೆ ಇದು ಹೊರೆಯಾಗದೆ ಎಂಬ ಆಕ್ಷೇಪ ನ್ಯಾಯವಾದುದೇ. ಗ್ಯಾರಂಟಿಗೆ ಕಮಿಷನ್ ಕೊಡಬೇಕು, ಒಂದಿಷ್ಟು ಹಣ ಮಾರ್ಜಿನ್ ಆಗಿ ಕಟ್ಟಿಬೀಳುತ್ತದೆ. ಒಂದು ಮಾರುಕಟ್ಟೆಯ ವರ್ತಕರೆಲ್ಲ ಕೂಡಿ ಒಂದೇ ಗ್ಯಾರಂಟಿ ಕೊಡುವ ಏರ್ಪಾಡಾದರೆ ಭಾರ ಹಂಚಿಹೋಗುತ್ತದೆ. ಜೊತೆಗೆ ಅಜಾಗರೂಕನಾದ ನೆರೆಯವನ ಮೇಲೆ ಉಳಿದವರ ಕಣ್ಣೂ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಬ್ಯಾಂಕ್ ಗ್ಯಾರಂಟಿಗೆ ಅವಧಿಯುಂಟು. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ, ಕ್ಲೇಮಿನ ಗಡುವಿನೊಳಗೆ ಬೇಡಿಕೆ ಸಲ್ಲಿಸದಿದ್ದರೆ, ಅದು ಕಪಾಟಿನಲ್ಲಿನ ಬರಿಯ ಛಾಪಾ ಕಾಗದ. ಕಚೇರಿಗಳಲ್ಲಿ ಅಂಥ ಕಾಗದಗಳಿಗೆ ಬರವಿಲ್ಲ.

ಆದುದರಿಂದ ಆ ದಿನಾಂಕವನ್ನು ಅಧಿಕಾರಿಯೊಬ್ಬನ ನೆನಪಿಗೆ ಬಿಡಲಾಗದು. ಗೋದಾಮಿನ ಬಾಗಿಲಿನ ಪಟ್ಟಿಯಲ್ಲಿ ಗ್ಯಾರಂಟಿಯ ಮೊತ್ತವನ್ನೂ ಅದು ಮುಗಿಯುವ ದಿನವನ್ನೂ ಬರೆಸಿದರೆ, ಪ್ರತಿ ಪಾಕೆಟ್ಟಿನ ನಿವಾಸಿಗಳ ಸಂಘಕ್ಕೆ ಅದರ ಒಂದು ಪ್ರತಿ ತಲುಪಿದರೆ, ಬೆಳಗಿನ ವಾಯುಸಂಚಾರಕ್ಕೆ ಹೊರಟ ನಿವೃತ್ತರೇ ಅದನ್ನು ಓದಿ ಪ್ರಶ್ನಿಸಿಯಾರು. ಪಟ್ಟಿ ಹಿಂದಿ, ಇಂಗ್ಲಿಷುಗಳ ಜೊತೆಗೆ ಬಂಗಾಳಿಯಲ್ಲಿಯೂ ಇರಲಿ. ಈ ಫ್ಲ್ಯಾಟುಗಳಲ್ಲಿ ಕೆಲಸ ಮಾಡಿ, ಗೋದಾಮುಗಳ ಮಗ್ಗುಲಿನ ಗುಡಿಸಲುಗಳಿಗೆ ಮರಳುವವರಲ್ಲಿ ಅನೇಕರ ಮನೆಮಾತು ಅದೇ.