ಶೀಶೆ ಬದಲಿಸುವ ಮೊದಲು ಗಡಿಯಾರ ನೋಡಿ

ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂದರೆ ನಗುವವರು ಇನ್ನೂ ಇದ್ದಾರೆ. ಆದರೆ ಮುಂಬೈಯ ಫ್ಲ್ಯಾಟುಗಳಲ್ಲಿ ಬೆಳೆಯುವ ಬೆಕ್ಕು ಈ ಕಾಯಿಲೆಗೆ ಹೇಳಿ ಮಾಡಿಸಿದ ಗಿರಾಕಿ. ಅದು ಹೊರಗೆ ಹೋಗುವುದಿಲ್ಲ, ಬೇಟೆಯಾಡುವುದಿಲ್ಲ. ಬಟ್ಟಲಲ್ಲಿ ಇಡೀ ದಿನ ಒಣ ಕಾಳಿನ ಆಹಾರ ತುಂಬಿರುತ್ತದೆ. ಸಂತಾನಹರಣವಾದ, ಮೈ ಬಂದ, ನಡುವಯಸ್ಸು ದಾಟಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಮನುಷ್ಯರ ಎರಡನೇ ಬಗೆಯ ಮಧುಮೇಹವನ್ನೇ ಬಹುಮಟ್ಟಿಗೆ ಹೋಲುವ ಕಾಯಿಲೆ ಇದು. ಬೆಕ್ಕು ನೀರಿನ ಬಟ್ಟಲು ಬಿಟ್ಟು ಏಳುವುದಿಲ್ಲ, ಮರಳಿನ ತಟ್ಟೆ ಒದ್ದೆಮುದ್ದೆಯಾಗುತ್ತದೆ, ತಿಂದರೂ ಸೊರಗುತ್ತದೆ. ಆಮೇಲೆ ರಕ್ತಪರೀಕ್ಷೆ, ಆಮೇಲೆ ದಿನಕ್ಕೆರಡು ಸಲ ಸೂಜಿ.

ಕೆಲವು ವಾರ ಕಳೆದ ಮೇಲೆ ಹೆಚ್ಚಿನ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸೂಜಿ ತಪ್ಪದೆ ಕೊಡುತ್ತಿದ್ದರೂ ಶುಗರ್ 400ರ ಆಸುಪಾಸಿನಲ್ಲೇ ಇದೆ. ಈ ಇನ್ಸುಲಿನ್ ಬಿಟ್ಟು ಬೇರೆಯದಕ್ಕೆ ಹೋಗಬೇಕೇ? ಇದಕ್ಕೆ ‘ಒಳ್ಳೆಯ ಇನ್ಸುಲಿನ್ ಯಾವುದು’ ಎಂದು ಹುಡುಕುತ್ತ ಹೊರಟರೆ ದಾರಿ ತಪ್ಪುತ್ತದೆ. ಕೇಳಬೇಕಾದದ್ದು ಗಡಿಯಾರದ ಪ್ರಶ್ನೆ: ಈಗ ಕೊಡುತ್ತಿರುವುದು ಬೆಕ್ಕಿನ ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದೆ?

ಮೊದಲ ಶೀಶೆ ಹೇಗೆ ಮನೆಗೆ ಬಂತು ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರಾಣಿಗಳಿಗೆಂದೇ ತಯಾರಾದ ಇನ್ಸುಲಿನ್ ಗಲ್ಲಿ ಮೂಲೆಯ ಮೆಡಿಕಲ್‌ನಲ್ಲಿ ಸಿಗುವ ವಸ್ತುವಲ್ಲ. ಅಲ್ಲಿ ತಕ್ಷಣ ಸಿಗುವುದು ಮನುಷ್ಯರಿಗಾಗಿ ಇಟ್ಟದ್ದು: ಎನ್‌ಪಿಎಚ್, ಅಥವಾ 30/70 ಮಿಶ್ರಣ. ಈ ಮಿಶ್ರಣದಲ್ಲಿ ನೂರಕ್ಕೆ 30 ಪಾಲು ಬೇಗ ಕೆಲಸ ಮಾಡುವ ಸಾಮಾನ್ಯ ಇನ್ಸುಲಿನ್, ಉಳಿದ 70 ಪಾಲು ಎನ್‌ಪಿಎಚ್. ಹೊತ್ತುಹೊತ್ತಿಗೆ ಊಟ ಮಾಡುವ ಮನುಷ್ಯನಿಗೆ ಅದು ಸರಿ. ಬೆಕ್ಕಿನ ಮೈ ಇನ್ಸುಲಿನ್ನನ್ನು ಬೇಗ ಮುಗಿಸಿಬಿಡುತ್ತದೆ. ಬೆಳಿಗ್ಗೆ ಏಳಕ್ಕೆ ಕೊಟ್ಟ ಎನ್‌ಪಿಎಚ್ ಮಧ್ಯಾಹ್ನದ ಹೊತ್ತಿಗೆ ಸಕ್ಕರೆಯನ್ನು ಧಡಕ್ಕನೆ ಇಳಿಸಿ, ಸಂಜೆಯಾಗುವ ಮೊದಲೇ ಬಲ ಕಳೆದುಕೊಳ್ಳಬಹುದು. ಸಂಜೆ ಏಳಕ್ಕೆ ಅಳೆದವರಿಗೆ ಕಾಣುವುದು ಏರಿದ ಅಂಕಿ ಮಾತ್ರ. ‘ಡೋಸು ಸಾಲದು’ ಎಂದು ಏರಿಸುತ್ತಾರೆ. ಮಧ್ಯಾಹ್ನದ ಇಳಿತ ಇನ್ನಷ್ಟು ಆಳವಾಗುತ್ತದೆ. ಆ ಹೊತ್ತಿಗೆ ಮನೆಯವರು ಚರ್ಚ್‌ಗೇಟಿನಲ್ಲೋ ಅಂಧೇರಿಯಲ್ಲೋ ಕೆಲಸದಲ್ಲಿರುತ್ತಾರೆ, ಬೆಕ್ಕು ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿರುತ್ತದೆ. ಏರಿದ ಸಕ್ಕರೆ ಬೆಕ್ಕನ್ನು ವಾರಗಟ್ಟಲೆ ಸವೆಸುತ್ತದೆ. ಇಳಿದ ಸಕ್ಕರೆ ಒಂದೇ ಮಧ್ಯಾಹ್ನದಲ್ಲಿ ಕೊಲ್ಲಬಲ್ಲದು.

ಆದ್ದರಿಂದ ಬೆಕ್ಕು ಎನ್‌ಪಿಎಚ್ ಅಥವಾ ಮಿಶ್ರ ಇನ್ಸುಲಿನ್ ಮೇಲಿದ್ದು ಹತೋಟಿಗೆ ಬಾರದಿದ್ದರೆ ಉತ್ತರ ನೇರ: ಬದಲಿಸಬೇಕು, ತಡಮಾಡಬಾರದು. ಅಮೆರಿಕನ್ ಅನಿಮಲ್ ಹಾಸ್ಪಿಟಲ್ ಅಸೋಸಿಯೇಶನ್ 2018ರಲ್ಲಿ ಹೊರತಂದ ಮಾರ್ಗಸೂಚಿ ಬೆಕ್ಕುಗಳಿಗೆ ಶಿಫಾರಸು ಮಾಡುವುದು ಗ್ಲಾರ್ಜಿನ್ ಅಥವಾ ಪ್ರೋಟಮೀನ್ ಜಿಂಕ್ ಇನ್ಸುಲಿನ್. ಎರಡೂ ನಿಧಾನವಾಗಿ, ಹೆಚ್ಚು ಹೊತ್ತು ಕೆಲಸ ಮಾಡುವಂಥವು. ಗ್ಲಾರ್ಜಿನ್ ಶೀಶೆಯೊಳಗೆ ಆಮ್ಲೀಯ ದ್ರವವಾಗಿರುತ್ತದೆ. ಚರ್ಮದಡಿ ಹೋದೊಡನೆ ಸಣ್ಣ ಹರಳುಗಳಾಗಿ ಕೂತು, ಅಲ್ಲಿಂದ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಸೇರುತ್ತದೆ. ಅದನ್ನು ನೀರು ಬೆರೆಸಿ ತೆಳುಮಾಡಬಾರದು, ಬೇರೆ ಇನ್ಸುಲಿನ್ ಜೊತೆ ಕೂಡಿಸಬಾರದು ಎನ್ನುವುದು ಇದಕ್ಕೇ.

‘ತಡಮಾಡಬಾರದು’ ಎನ್ನುವುದಕ್ಕೂ ಕಾರಣವಿದೆ. ಬೆಕ್ಕಿನ ಮಧುಮೇಹದಲ್ಲಿ ಉಪಶಮನ ಎಂಬ ಸಾಧ್ಯತೆಯೊಂದಿದೆ. ಸಕ್ಕರೆಯನ್ನು ಬೇಗ ಹತೋಟಿಗೆ ತಂದರೆ ಮೇದೋಜೀರಕ ಗ್ರಂಥಿ ಚೇತರಿಸಿಕೊಂಡು ಸೂಜಿಯೇ ಬೇಡವಾಗಬಹುದು. ಆಸ್ಟ್ರೇಲಿಯದ ಜಾಕ್ವಿ ರ‍್ಯಾಂಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 24 ಬೆಕ್ಕುಗಳನ್ನು ಎಂಟೆಂಟರ ಮೂರು ಗುಂಪು ಮಾಡಿದ್ದರು. ಗ್ಲಾರ್ಜಿನ್ ಪಡೆದ ಎಂಟಕ್ಕೆ ಎಂಟೂ ಉಪಶಮನ ಕಂಡವು. ಪ್ರೋಟಮೀನ್ ಜಿಂಕ್ ಗುಂಪಿನಲ್ಲಿ ಮೂರು, ಲೆಂಟೆ ಗುಂಪಿನಲ್ಲಿ ಎರಡು. ಅದೇ ವರ್ಷ ರೂಂಪ್ ಮತ್ತು ರ‍್ಯಾಂಡ್ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಮನೆಯಲ್ಲೇ ಅಳೆಯುತ್ತ ಗ್ಲಾರ್ಜಿನ್ನಿನಿಂದ ಬಿಗಿ ಹತೋಟಿ ಸಾಧಿಸಿದ ಬೆಕ್ಕುಗಳ ಲೆಕ್ಕವಿದೆ: ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಶುರುಮಾಡಿದವುಗಳಲ್ಲಿ ಶೇ. 84, ಅದಕ್ಕಿಂತ ತಡವಾದವುಗಳಲ್ಲಿ ಶೇ. 35 ಉಪಶಮನ. ಮೊದಲ ಅಧ್ಯಯನ ತೀರ ಚಿಕ್ಕದು, ಅದರ ಬೆಕ್ಕುಗಳಿಗೆಲ್ಲ ಪಿಷ್ಟ ಬಹಳ ಕಡಿಮೆಯಿರುವ ಆಹಾರವನ್ನೂ ಕೊಡಲಾಗಿತ್ತು. ಉಪಶಮನದ ಪ್ರಮಾಣ ಅಧ್ಯಯನದಿಂದ ಅಧ್ಯಯನಕ್ಕೆ ಬಹಳ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ಆದರೂ ತಿಂಗಳುಗಳನ್ನು ಸುಮ್ಮನೆ ಕಳೆಯುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬ ಸುಳಿವು ಇಲ್ಲಿ ಬಲವಾಗಿದೆ.

‘ಅದೆಲ್ಲ ವಿದೇಶದ ಮಾತು’ ಎಂದು ಕೈಚೆಲ್ಲುವ ಸ್ಥಿತಿ ಈಗಿಲ್ಲ. ಗ್ಲಾರ್ಜಿನ್ ಭಾರತದಲ್ಲೇ ತಯಾರಾಗುತ್ತದೆ. ಬೆಂಗಳೂರಿನ ಬಯೋಕಾನ್ ‘ಬೇಸಲಾಗ್’ ಅನ್ನು, ಮುಂಬೈಯ ವೊಕಾರ್ಟ್ ‘ಗ್ಲಾರಿಟಸ್’ ಅನ್ನು ತಯಾರಿಸುತ್ತವೆ. ಸನೋಫಿಯ ‘ಲ್ಯಾಂಟಸ್’ ಇದ್ದೇ ಇದೆ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೂ ಗ್ಲಾರ್ಜಿನ್ ಸೇರಿದೆ. ಹಳೆಯ ಇನ್ಸುಲಿನ್ನಿಗಿಂತ ದುಬಾರಿ ನಿಜ. ಆದರೆ ಬೆಕ್ಕಿಗೆ ಬೇಕಾಗುವುದು ಎಷ್ಟು? ಹೊತ್ತಿಗೆ ಒಂದು ಯೂನಿಟ್ಟಿನಂತೆ ದಿನಕ್ಕೆ ಎರಡು ಎಂದರೆ ತಿಂಗಳಿಗೆ 60 ಯೂನಿಟ್. 10 ಮಿ.ಲೀ. ಶೀಶೆಯಲ್ಲಿ 1,000 ಯೂನಿಟ್ ಇರುತ್ತದೆ, ಅದರಲ್ಲಿ ಬಹುಪಾಲು ಹಾಳಾಗಿಯೇ ಹೋಗುತ್ತದೆ. 3 ಮಿ.ಲೀ. ಕಾರ್ಟ್ರಿಜ್‌ನಲ್ಲಿ 300 ಇರುತ್ತದೆ, ಬೆಕ್ಕಿನ ಮನೆಗೆ ಅದೇ ಲೇಸು. ತೆರೆದ ಮೇಲೆ 28 ದಿನ ಎಂದು ಮನುಷ್ಯರಿಗಾಗಿ ಅಚ್ಚಾದ ಗಡುವು ಇದೆ. ಫ್ರಿಜ್ಜಿನಲ್ಲೇ ಇಟ್ಟರೆ ಬೆಕ್ಕಿಗೆ ಎಷ್ಟು ದಿನ ಬಳಸಬಹುದು ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಮುಂಬೈಯ ಮೇ ತಿಂಗಳ ಸೆಕೆಯಲ್ಲಿ ಅಡುಗೆಕಟ್ಟೆಯ ಮೇಲೆ ಮರೆತ ಇನ್ಸುಲಿನ್ನನ್ನು ಮಾತ್ರ ನಂಬಬಾರದು.

ಹಾಗಾದರೆ ಸಕ್ಕರೆ ಇಳಿಯದ ಬೆಕ್ಕಿಗೆಲ್ಲ ಶೀಶೆ ಬದಲಿಸುವುದೇ ಮದ್ದೇ? ಅಲ್ಲ. ಆಗಲೇ ಗ್ಲಾರ್ಜಿನ್ ಮೇಲಿದ್ದು ಅಂಕಿ ಇಳಿಯದ ಬೆಕ್ಕಿನ ಮನೆಯವರು ಮೂರನೆಯ, ನಾಲ್ಕನೆಯ ಹೆಸರಿನ ಬೆನ್ನು ಹತ್ತುವುದು ಈ ಕಾಯಿಲೆಯಲ್ಲಿ ಆಗುವ ದೊಡ್ಡ ಕಾಲಹರಣ. ಹಾಳಾದ ಹಲ್ಲು, ಮೂತ್ರದ ಸೋಂಕು, ಮೇದೋಜೀರಕದ ಉರಿಯೂತ, ತುರಿಕೆಗೆಂದೋ ಉಬ್ಬಸಕ್ಕೆಂದೋ ಕೊಡುತ್ತಿರುವ ಸ್ಟೀರಾಯ್ಡ್ ಇವೆಲ್ಲ ಇನ್ಸುಲಿನ್ನಿನ ಬಲ ಕುಗ್ಗಿಸುತ್ತವೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2015ರಲ್ಲಿ ಪ್ರಕಟಿಸಿದ, 1,221 ಮಧುಮೇಹಿ ಬೆಕ್ಕುಗಳ ರಕ್ತಪರೀಕ್ಷೆಯ ಲೆಕ್ಕದ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದಕ್ಕೆ ಬೆಳವಣಿಗೆ ಹಾರ್ಮೋನ್ ಅತಿಯಾಗಿ ಸುರಿಯುವ ತೊಂದರೆಯಿದ್ದಿರಬೇಕು. ಅಂಥ ಬೆಕ್ಕಿಗೆ ಯಾವ ಶೀಶೆ ತಂದರೂ ಕಡಿಮೆಯೇ.

ಇನ್ನೊಂದು ಮೋಸ ಅಂಕಿಯದು. ಆಟೋದ ಸದ್ದು, ಸ್ಟೇಶನ್ನಿನ ಗದ್ದಲ, ಕ್ಲಿನಿಕ್ಕಿನ ನಾಯಿಗಳ ಬೊಗಳಾಟ ದಾಟಿ ಮೇಜಿಗೆ ಬಂದ ಬೆಕ್ಕಿನ ಸಕ್ಕರೆ ಹೆದರಿಕೆಗೇ ಏರಿರುತ್ತದೆ. ಆ ಒಂದು ಅಂಕಿ ನೋಡಿ ಇನ್ಸುಲಿನ್ ಬದಲಿಸುವುದು ಮಳೆಗಾಲದ ಒಂದು ದಿನ ನೋಡಿ ವರ್ಷದ ಪಂಚಾಂಗ ಬರೆದಂತೆ. ಮನೆಯಲ್ಲೇ, ಎರಡೆರಡು ಗಂಟೆಗೊಮ್ಮೆ, ಒಂದು ರಜಾದಿನವಿಡೀ ಕಿವಿಯ ತುದಿಯಿಂದ ಹನಿ ರಕ್ತ ತೆಗೆದು ಬರೆದಿಟ್ಟರೆ, ಇಳಿತ ಎಷ್ಟು, ಎಷ್ಟು ಹೊತ್ತಿಗೆ, ಮತ್ತೆ ಏರಿದ್ದು ಯಾವಾಗ ಎಂಬುದು ಕಣ್ಣಿಗೆ ಕಾಣುತ್ತದೆ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುವುದುಂಟು. ಅದೊಂದು ಲೆಕ್ಕದಲ್ಲಿರಲಿ. ಚರ್ಮಕ್ಕೆ ಅಂಟಿಸಿ ದಿನಗಟ್ಟಲೆ ಅಳೆಯುವ ಸೆನ್ಸರುಗಳನ್ನೂ ವೈದ್ಯರು ಬೆಕ್ಕುಗಳಿಗೆ ಬಳಸುತ್ತಾರೆ. ಪರೇಲಿನಲ್ಲಿ 1886ರಿಂದ ಇರುವ ಬಾಂಬೆ ವೆಟರ್ನರಿ ಕಾಲೇಜು, ಅದರ ಜೊತೆಯಲ್ಲೇ ಬೆಳೆದ ಬಾಯಿ ಸಕರ್‌ಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆ, 2024ರಲ್ಲಿ ಮಹಾಲಕ್ಷ್ಮಿಯಲ್ಲಿ ತೆರೆದ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ಎಲ್ಲವೂ ದ್ವೀಪನಗರದಲ್ಲಿವೆ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಪದೇ ಪದೇ ಅಲ್ಲಿಗೆ ಹೋಗಲಾಗದವರಿಗೆ, ಮನೆಯಲ್ಲಿ ಬರೆದಿಟ್ಟ ಹಾಳೆಯೊಂದು ಹತ್ತಿರದ ವೈದ್ಯರ ಮುಂದೆ ದೊಡ್ಡ ಆಧಾರ.

ಹಳೆಯ ಇನ್ಸುಲಿನ್ನಿನಲ್ಲೇ ಬೆಕ್ಕು ಚೆನ್ನಾಗಿದ್ದರೆ? ತೂಕ ನಿಂತಿದೆ, ನೀರು ಕುಡಿಯುವುದು ಇಳಿದಿದೆ, ಕಿಟಕಿಯ ಕಟ್ಟೆಗೆ ಮೊದಲಿನಂತೆ ನೆಗೆಯುತ್ತಿದೆ, ಮಧ್ಯಾಹ್ನದ ಅಂಕಿಯೂ ಅಪಾಯಕ್ಕಿಳಿದಿಲ್ಲ ಎಂದಾದರೆ ಹೊಸದೆಂಬ ಒಂದೇ ಕಾರಣಕ್ಕೆ ಬದಲಿಸಬೇಕಾಗಿಲ್ಲ. ಅಮೆರಿಕದಲ್ಲಿ 2022ರ ಕೊನೆಗೂ 2023ರಲ್ಲೂ ಒಪ್ಪಿಗೆ ಪಡೆದ, ಬಾಯಿಗೆ ಕೊಡುವ ಬೆಕ್ಸಾಗ್ಲಿಫ್ಲೋಜಿನ್, ವೆಲಾಗ್ಲಿಫ್ಲೋಜಿನ್ ಎಂಬ ಔಷಧಗಳನ್ನು ಬಂಧುಗಳ ಕೈಯಲ್ಲಿ ತರಿಸುವ ಆಸೆ ಸಹಜ. ಸೂಜಿಯ ಕಾಟವಿಲ್ಲವಲ್ಲ! ಆದರೆ ಅವು ಈ ಮೊದಲು ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರ ಒಪ್ಪಿಗೆಯಾದವು. ಸೂಜಿ ಬಿಡಿಸಿ ಅವಕ್ಕೆ ಬದಲಿಸಿದರೆ ಕೀಟೋಅಸಿಡೋಸಿಸ್ ಆಗಿ ಪ್ರಾಣಕ್ಕೇ ಬರಬಹುದು.

ಬದಲಿಸುವುದೇ ಸರಿ ಎಂದು ತೀರ್ಮಾನವಾದ ದಿನ ಇಡೀ ವ್ಯವಹಾರದ ಅತಿ ಅಪಾಯದ ದಿನ. ಭಾರತದಲ್ಲಿ ಮಾನವ ಇನ್ಸುಲಿನ್ ಶೀಶೆಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜು. ಗ್ಲಾರ್ಜಿನ್ 100 ಯೂನಿಟ್ಟಿನದು, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಡ್ರಾಯರಿನಲ್ಲಿ ಉಳಿದ ಕೆಂಪು ಸಿರಿಂಜಿನಲ್ಲಿ ಗ್ಲಾರ್ಜಿನ್ ಎಳೆದರೆ, ಎರಡು ಯೂನಿಟ್ ಎಂದುಕೊಂಡದ್ದು ನಿಜದಲ್ಲಿ ಐದು. ನಾಲ್ಕೈದು ಕಿಲೋದ ಬೆಕ್ಕಿಗೆ ಅದು ಮಾರಣಾಂತಿಕವಾಗಬಹುದು. ಹೊಸ ಶೀಶೆ ಮನೆಯೊಳಗೆ ಬಂದ ದಿನವೇ ಹಳೆಯ ಸಿರಿಂಜುಗಳು ಹೊರಗೆ ಹೋಗಬೇಕು. ಹಳೆಯ ಡೋಸನ್ನೂ ಹಾಗೇ ಹೊಸದಕ್ಕೆ ದಾಟಿಸಬಾರದು. ವೈದ್ಯರು ಹೇಳಿದ ಕಡಿಮೆ ಪ್ರಮಾಣದಿಂದ ಶುರುಮಾಡಿ, ಒಂದು ವಾರವಾದರೂ ಮೈಗೆ ಹೊಂದಲು ಬಿಟ್ಟು ಆಮೇಲೆ ಏರಿಸುವುದು ಕ್ರಮ. ಅದೇ ವಾರ ಆಹಾರವನ್ನೂ ಬದಲಿಸಿದರೆ ಯಾವುದರಿಂದ ಸಕ್ಕರೆ ಇಳಿಯಿತು ಎಂದೇ ಗೊತ್ತಾಗದೆ ಬೆಕ್ಕು ಕುಸಿಯಬಹುದು.

ಕೊನೆಗೆ ಮನೆಯ ಗಡಿಯಾರ. ಹನ್ನೆರಡು ಗಂಟೆಗೊಮ್ಮೆ ಸೂಜಿ ಎಂಬುದು ಕಾಗದದ ಮೇಲೆ ಸುಲಭ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಓಡಾಡುವವರಿಗೆ ಅದು ದಿನಾ ಒಂದು ಪರೀಕ್ಷೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ರಾತ್ರಿ ಈ ಊರಿನ ಅಸಂಖ್ಯ ಜನ ಮನೆ ಸೇರಲಿಲ್ಲ. ಚಿಕ್ಕ ಪ್ರಮಾಣದಲ್ಲಿ ಅಂಥ ಸಂಜೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಒಂದು ಡೋಸು ತಪ್ಪಿದರೆ ತಪ್ಪಲಿ, ಅದನ್ನು ತುಂಬಿಕೊಡಲು ದುಪ್ಪಟ್ಟು ಕೊಡಬಾರದು. ಕೊಟ್ಟಾಯಿತೋ ಇಲ್ಲವೋ ಎಂಬ ಅನುಮಾನವಿದ್ದಾಗಲೂ ಕೊಡದಿರುವುದೇ ಮೇಲು. ಬಿಗಿ ಹತೋಟಿಗೆ ದಿನಕ್ಕೆ ಹಲವು ಸಲ ಅಳೆಯುವ ಜನ ಮನೆಯಲ್ಲಿರಬೇಕು. ಇಲ್ಲದವರು ಅಂಕಿಯನ್ನು ಸ್ವಲ್ಪ ಮೇಲೆ ಬಿಟ್ಟು, ಬೆಕ್ಕು ಸುಖವಾಗಿದ್ದರೆ ಸಾಕು ಎಂದುಕೊಂಡರೆ ಅದು ಅಲಕ್ಷ್ಯವಲ್ಲ. ತಮ್ಮ ಮನೆಯ ಹೊತ್ತು ಅರಿತು ಮಾಡಿದ ಸರಿಯಾದ ತೀರ್ಮಾನ.

ಇದರಲ್ಲಿ ಪಶುವೈದ್ಯರ ಪಾಲೂ ಇದೆ. ಚೀಟಿಯಲ್ಲಿ ‘ಇನ್ಸುಲಿನ್, 1 ಯೂನಿಟ್’ ಎಂದಷ್ಟೇ ಬರೆದರೆ ಸಾಲದು. ಯಾವ ಇನ್ಸುಲಿನ್, 40ರದೋ 100ರದೋ, ಯಾವ ಬಣ್ಣದ ಮುಚ್ಚಳದ ಸಿರಿಂಜು, ಸಕ್ಕರೆ ಎಷ್ಟಕ್ಕಿಳಿದರೆ ಸೂಜಿ ನಿಲ್ಲಿಸಿ ಒಸಡಿಗೆ ಸಕ್ಕರೆ ನೀರೋ ಜೇನೋ ಸವರಿ ಫೋನ್ ಮಾಡಬೇಕು ಎಂಬ ನಾಲ್ಕು ಸಾಲು ಬೇಕು. ಬರೆಯದಿದ್ದರೆ ಮನೆಯವರು ಕೇಳಿ ಬರೆಸಿಕೊಳ್ಳಬೇಕು. ಆ ನಾಲ್ಕು ಸಾಲು ಕೈಗೆ ಬರುವವರೆಗೆ ಹೊಸ ಶೀಶೆಯ ಮುಚ್ಚಳ ತೆಗೆಯಬಾರದು.