ಬದನೆ ನಮ್ಮದು, ವಿಳಾಸ ಯಾರದು?

ಹೊರದೇಶದ ಕಂಪೆನಿಯೊಂದು ನಮ್ಮ ನೆಲದಲ್ಲಿ ವ್ಯವಹಾರ ನಡೆಸುವಾಗ, ಅದರ ಪರವಾಗಿ ಕಾನೂನಿನ ಮುಂದೆ ನಿಂತು ಉತ್ತರ ಹೇಳಬೇಕಾದವರು ಯಾರು? ಇದು ವಕೀಲರ ಪ್ರಶ್ನೆ, ನಮಗೇಕೆ ಎಂದು ಪರಿಸರ ಚಳವಳಿಯವರು ಬಹುಕಾಲ ಸುಮ್ಮನಿದ್ದೇವೆ. ಆದರೆ ಬೀಜ, ಕೀಟನಾಶಕ ಮತ್ತು ತಳಿಸಂಪತ್ತು ಮೂರೂ ಬಹುರಾಷ್ಟ್ರೀಯ ಕಂಪೆನಿಗಳ ಕೈಗೆ ಜಾರುತ್ತಿರುವ ಕಾಲದಲ್ಲಿ ಈ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ.

ಘಟ್ಟದ ಮೇಲಿರುವ ನಮಗೆ ಕೃಷ್ಣಾತೀರದ ಬಯಲು ದೂರವೆನಿಸಬಹುದು. ಆದರೂ ಓದುಗರ ಗಮನವನ್ನು ಅತ್ತ ಸೆಳೆಯಬಯಸುತ್ತೇನೆ. ಒಂದೇ ಸೀಮೆಯ ಎರಡು ಬೆಳೆಗಳು, ಸಾವಳಗಿಯ ದ್ರಾಕ್ಷಿ ಮತ್ತು ರಬಕವಿಯ ಬದನೆ, ಈ ಅನ್ಯಾಯದ ಎರಡು ಮುಖಗಳನ್ನು ತೋರಿಸುತ್ತವೆ.

ಮೊದಲು ದ್ರಾಕ್ಷಿ. ನಮ್ಮ ಬೆಳೆಗಾರನ ಹಣ್ಣು ಯುರೋಪಿನ ಮಾರುಕಟ್ಟೆ ಸೇರಬೇಕಾದರೆ ಅವನ ತೋಟ ನೋಂದಣಿಯಾಗಿರಬೇಕು, ಹಣ್ಣಿನಲ್ಲಿ ಉಳಿದ ರಾಸಾಯನಿಕದ ಪರೀಕ್ಷೆಯಾಗಬೇಕು, ಪೆಟ್ಟಿಗೆಯ ಜಾಡು ಹಿಡಿದರೆ ಯಾರ ತೋಟದ್ದೆಂದು ತಿಳಿಯಬೇಕು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಕಂಡುಬಂದಾಗ ಭಾರತದ ದ್ರಾಕ್ಷಿಯ ಕಂಟೇನರುಗಳನ್ನು ಯುರೋಪು ನಿರಾಕರಿಸಿತು. ತನ್ನ ಜನರ ಆರೋಗ್ಯ ಕಾಯುವ ಹಕ್ಕು ಯುರೋಪಿಗಿದೆ; ಅದಕ್ಕೆ ನನ್ನ ತಕರಾರಿಲ್ಲ. 2007ರಲ್ಲಿ ಜಾರಿಗೆ ಬಂದ 'ರೀಚ್' ಎಂಬ ಅವರ ರಾಸಾಯನಿಕ ನಿಯಮವಂತೂ ಇನ್ನೂ ಖಚಿತವಾಗಿದೆ. ಹೊರದೇಶದ ರಾಸಾಯನಿಕ ಅಲ್ಲಿಗೆ ಹೋಗಬೇಕಾದರೆ ಅಲ್ಲಿನ ಆಮದುದಾರ ಅದನ್ನು ನೋಂದಾಯಿಸಬೇಕು. ಇಲ್ಲವೇ ತಯಾರಕ ಕಂಪೆನಿ ಯುರೋಪಿನಲ್ಲೇ ನೆಲೆಸಿದ ಏಕೈಕ ಪ್ರತಿನಿಧಿಯನ್ನು ನೇಮಿಸಬೇಕು. ಆ ಪ್ರತಿನಿಧಿ ಬರಿಯ ಅಂಚೆ ಸ್ವೀಕರಿಸುವವನಲ್ಲ. ಆಮದುದಾರನ ಸಕಲ ಹೊಣೆಗಳೂ ಅವನ ತಲೆಯ ಮೇಲಿರುತ್ತವೆ.

ಈಗ ನಮ್ಮ ಕಾನೂನನ್ನು ನೋಡೋಣ. 2013ರ ಕಂಪೆನಿಗಳ ಕಾಯಿದೆಯ 380ನೆಯ ಕಲಮಿನ ಪ್ರಕಾರ, ಇಲ್ಲಿ ವ್ಯವಹಾರಸ್ಥಾನ ತೆರೆಯುವ ವಿದೇಶೀ ಕಂಪೆನಿ 30 ದಿನಗಳೊಳಗೆ ಭಾರತವಾಸಿಯೊಬ್ಬನ ಹೆಸರು, ವಿಳಾಸಗಳನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಯಾತಕ್ಕೆ? ನೋಟೀಸು, ಸಮನ್ಸುಗಳನ್ನು ಸ್ವೀಕರಿಸುವುದಕ್ಕೆ! 1956ರ ಕಾಯಿದೆಯಲ್ಲೂ ಇದೇ ಏರ್ಪಾಡಿತ್ತು. ಲಕೋಟೆ ಇಸಿದುಕೊಳ್ಳುವವನಿದ್ದಾನೆ, ಲಕೋಟೆಯೊಳಗಿನ ಆರೋಪಕ್ಕೆ ಹೊಣೆ ಹೊರುವವನಿಲ್ಲ. ಅಷ್ಟಕ್ಕೂ ಈ ಕಲಮು ತಟ್ಟುವುದು ಇಲ್ಲಿ ತಾವೇ ಅಥವಾ ಏಜೆಂಟರ ಮೂಲಕ ವ್ಯವಹಾರಸ್ಥಾನ ಹೊಂದಿದವರಿಗೆ ಮಾತ್ರ. ಅಂಗಸಂಸ್ಥೆ, ಪರವಾನಗಿದಾರ, ಸಲಹಾ ಸಂಸ್ಥೆಗಳ ಹಿಂದೆ ನಿಂತು ಕೆಲಸ ಸಾಧಿಸುವವರಿಗೆ ತಟ್ಟುವುದಿಲ್ಲ.

ಹಾಗೆ ಹಿಂದೆ ನಿಲ್ಲುವುದು ಹೇಗೆಂಬುದಕ್ಕೆ ಎರಡನೆಯ ಬೆಳೆಯಾದ ಬದನೆಯೇ ಸಾಕ್ಷಿ. ರಬಕವಿ, ಕುಡಚಿ, ಮಾಳಾಪುರ, ಉಡುಪಿಯ ಸ್ಥಳೀಯ ತಳಿಗಳೂ ಸೇರಿದಂತೆ ಕರ್ನಾಟಕದ ಆರು ಬದನೆ ತಳಿಗಳಿಗೆ ಬಿಟಿ ವಂಶವಾಹಿಯನ್ನು ಸೇರಿಸುವ ಕೆಲಸಕ್ಕೆ 2005ರಲ್ಲಿ ಒಪ್ಪಂದವಾಯಿತು. ಸಹಿ ಹಾಕಿದವರು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ, ಮಹಿಕೋ ಮತ್ತು ಹೈದರಾಬಾದಿನ ಸದ್ಗುರು ಎಂಬ ಸಲಹಾ ಸಂಸ್ಥೆ. ಯೋಜನೆಯ ಹಣ ಅಮೆರಿಕ ಸರಕಾರದ ಯುಎಸ್ಎಯ್ಡ್‌ನದು, ನಿರ್ವಹಣೆ ಕಾರ್ನೆಲ್ ವಿಶ್ವವಿದ್ಯಾನಿಲಯದ್ದು. ಮಹಿಕೋದಲ್ಲಿ ಆಗ ಮಾನ್ಸಾಂಟೋಗೆ ಶೇ. 26ರಷ್ಟು ಪಾಲಿತ್ತು. ತಲೆಮಾರುಗಳಿಂದ ಆ ಬೀಜವನ್ನು ಆರಿಸಿ, ಒಣಗಿಸಿ, ಕಾಪಾಡಿಕೊಂಡು ಬಂದ ರಬಕವಿಯ ರೈತ ಕುಟುಂಬಗಳು ಆ ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಾಲು ಬಂಡವಾಳದಲ್ಲಿ ಅಥವಾ ಆಡಳಿತದಲ್ಲಿ ವಿದೇಶೀಯರ ಸಹಭಾಗಿತ್ವವಿರುವ ಯಾವ ಸಂಸ್ಥೆಯೂ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ನಮ್ಮ ತಳಿಗಳನ್ನು ಸಂಶೋಧನೆಗಾಗಿ ಪಡೆಯುವಂತಿರಲಿಲ್ಲ. ಅನುಮತಿ ಪಡೆದಿಲ್ಲವೆಂದು 2010ರಲ್ಲಿ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ದೂರಿತು. 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಮೊಕದ್ದಮೆ ದಾಖಲಾಯಿತು. ಅಲ್ಲಿ ಆರೋಪಿಗಳಾದವರು ಸ್ವದೇಶೀ ಸಂಸ್ಥೆಗಳು ಮತ್ತು ಅವುಗಳ ಅಧಿಕಾರಿಗಳು. ಹಣ, ವಂಶವಾಹಿ, ಯೋಜನೆಗಳು ಬಂದ ದೇಶದಿಂದ ಧಾರವಾಡದ ಕಟಕಟೆಗೆ ಯಾರೂ ಬರಬೇಕಾಗಿರಲಿಲ್ಲ.

ಸರಕಾರ ಇದರಿಂದ ಕಲಿತ ಪಾಠವೇನು? 2023ರ ತಿದ್ದುಪಡಿಯಲ್ಲಿ 'ಯಾವುದೇ ವಿದೇಶೀ ಸಹಭಾಗಿತ್ವ' ಎಂಬುದನ್ನು ತೆಗೆದು, ವಿದೇಶೀಯರ 'ನಿಯಂತ್ರಣ'ದಲ್ಲಿರುವ ಕಂಪೆನಿಗೆ ಮಾತ್ರ ಆ ಕಲಮನ್ನು ಸೀಮಿತಗೊಳಿಸಲಾಯಿತು. ನಾಲ್ಕರಲ್ಲೊಂದು ಪಾಲು ಹೊಂದಿ ನಿಯಂತ್ರಣ ತನ್ನದಲ್ಲವೆನ್ನುವವರಿಗೆ ಹೆಬ್ಬಾಗಿಲು ತೆರೆಯಿತು. ಅಪರಾಧಕ್ಕಿದ್ದ ಸೆರೆವಾಸವನ್ನೂ ರದ್ದುಮಾಡಿ ದಂಡವಷ್ಟನ್ನೇ ಉಳಿಸಲಾಯಿತು.

ಭೋಪಾಲವನ್ನು ಕಂಡ ದೇಶದಲ್ಲಿ ಇದು ನಡೆಯಿತೆಂಬುದೇ ನಾಚಿಕೆಯ ಸಂಗತಿ. 1984ರ ಅನಿಲ ದುರಂತದ ಕಾರ್ಖಾನೆ ಇಲ್ಲೇ ನೋಂದಣಿಯಾದ ಕಂಪೆನಿಯದಾಗಿತ್ತು. ಅದರ ಅರ್ಧಕ್ಕಿಂತ ಹೆಚ್ಚಿನ ಪಾಲು ಅಮೆರಿಕದ ಯೂನಿಯನ್ ಕಾರ್ಬೈಡಿನದು. ಬಂಧಿತನಾಗಿ ಜಾಮೀನಿನ ಮೇಲೆ ಹೊರಬಂದ ಅದರ ಅಧ್ಯಕ್ಷ ವಾರನ್ ಆಂಡರ್ಸನ್ ಸ್ವದೇಶಕ್ಕೆ ಹೋದವನು ವಿಚಾರಣೆಗೆ ಮರಳಲೇ ಇಲ್ಲ, 2014ರಲ್ಲಿ ತೀರಿಕೊಂಡ. 1994ರಲ್ಲಿ ಮಾತೃಕಂಪೆನಿ ತನ್ನ ಭಾರತೀಯ ಪಾಲನ್ನು ಮಾರಿ ಕೈತೊಳೆದುಕೊಂಡಿತು. 2001ರಲ್ಲಿ ಅದನ್ನು ಕೊಂಡ ಡೌ ಕೆಮಿಕಲ್‌ಗೆ ಭೋಪಾಲದ ನ್ಯಾಯಾಲಯ ಮತ್ತೆ ಮತ್ತೆ ಸಮನ್ಸ್ ಕಳುಹಿಸಿತು. 2023ರಲ್ಲಿ ಅದರ ವಕೀಲರು ಹಾಜರಾದರು. ಈ ನ್ಯಾಯಾಲಯಕ್ಕೆ ನಮ್ಮ ಮೇಲೆ ಅಧಿಕಾರವೇ ಇಲ್ಲವೆಂದು ವಾದಿಸಲು!

ಇಲ್ಲಿ ಅಂಗಸಂಸ್ಥೆಗಳಿರುವಾಗ ಬೇರೆ ಪ್ರತಿನಿಧಿ ಏಕೆ ಎನ್ನುವವರಿಗೆ ಭೋಪಾಲವೇ ಉತ್ತರ. ಕಠಿಣ ನಿಯಮ ಮಾಡಿದರೆ ಬಂಡವಾಳ ಓಡಿಹೋಗುತ್ತದೆ ಎಂಬ ಬೆದರಿಕೆಗೆ ಯುರೋಪೇ ಉತ್ತರ. 'ರೀಚ್' ಬಂದ ಮೇಲೆ ರಾಸಾಯನಿಕ ವ್ಯಾಪಾರಿಗಳು ಯುರೋಪನ್ನು ತೊರೆಯಲಿಲ್ಲ, ಪ್ರತಿನಿಧಿಗಳನ್ನು ನೇಮಿಸಿಕೊಂಡರು. ನಮ್ಮ ರಫ್ತುದಾರರೂ ಹಾಗೆಯೇ ಮಾಡಿದರು. ಅಲ್ಲಿ ತಲೆಬಾಗಿಸುವ ನಿಯಮ ಇಲ್ಲಿ ಮಾತ್ರ ಅಭಿವೃದ್ಧಿಗೆ ಅಡ್ಡಿಯೆ? ಪ್ರಯೋಗದ ತಾಕಿನಲ್ಲಿ ಒಂದು ಗಿಡ ಎಲ್ಲಿಂದ ಬಂತು, ಯಾರ ಸುಪರ್ದಿನಲ್ಲಿದೆ ಎಂದು ದಾಖಲಿಸದೆ ಕೃಷಿ ವಿಜ್ಞಾನಿಯಾದ ನಾನು ಒಂದು ಹೆಜ್ಜೆ ಮುಂದಿಡುವಂತಿಲ್ಲ. ಆ ಗಿಡದಿಂದ ಲಾಭ ಎಣಿಸುವವರಿಗೂ ಅದೇ ಶಿಸ್ತಿರಲಿ.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿರಲಿ. ಬೀಜ, ಕೀಟನಾಶಕ, ತಳಿಸಂಪತ್ತಿನ ವ್ಯವಹಾರದಲ್ಲಿ ಹಣ, ತಂತ್ರಜ್ಞಾನ ಅಥವಾ ಹಕ್ಕುಸ್ವಾಮ್ಯದ ಮೂಲಕ ಪಾಲುಗೊಳ್ಳುವ ಪ್ರತಿಯೊಂದು ವಿದೇಶೀ ಸಂಸ್ಥೆಯೂ ಇಲ್ಲಿ ನೆಲೆಸಿರುವ ಕಾನೂನು ಪ್ರತಿನಿಧಿಯನ್ನು ನೇಮಿಸಬೇಕು. ಪರಿಹಾರ ಮತ್ತು ವಿಚಾರಣೆಗಳ ಹೊಣೆ ಆ ಪ್ರತಿನಿಧಿಗೆ ಇರಬೇಕು. ಅದಕ್ಕೆ ಆಧಾರವಾಗಿ ಮಾತೃಕಂಪೆನಿ ಇಲ್ಲಿ ಠೇವಣಿಯಿಡಬೇಕು, ಭಾರತದ ನ್ಯಾಯಾಲಯಗಳ ಅಧಿಕಾರವನ್ನು ಮೊದಲೇ ಬರೆದುಕೊಟ್ಟು ಒಪ್ಪಬೇಕು. ಅವನ ಹೆಸರು, ವಿಳಾಸ ಕನ್ನಡದಲ್ಲಿ ಡಬ್ಬಿಯ ಮೇಲೂ ಬೀಜದ ಚೀಲದ ಮೇಲೂ ಅಚ್ಚಾಗಬೇಕು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಸಾವಳಗಿಯಲ್ಲಾಗಲಿ ನಮ್ಮ ಘಟ್ಟದ ಹಳ್ಳಿಗಳಲ್ಲಾಗಲಿ ಆ ಸಮಿತಿಯನ್ನು ಕಾಗದದಿಂದ ಎಬ್ಬಿಸಿ, ಊರಿನ ಬದನೆ, ಭತ್ತ, ಮೆಣಸಿನ ತಳಿಗಳನ್ನು ಅವನ್ನು ಕಾಪಾಡಿದವರ ಹೆಸರಿನೊಂದಿಗೆ ದಾಖಲಿಸೋಣ. ತಳಿ ಕೇಳಿಕೊಂಡು ಬಂದವರಿಗೆ ಮೊದಲ ಪ್ರಶ್ನೆ ಇದೇ ಆಗಲಿ: ನಿಮ್ಮ ಹಿಂದೆ ಇರುವವರು ಯಾರು, ಅವರ ಪರವಾಗಿ ಇಲ್ಲಿ ಉತ್ತರ ಹೇಳುವವರು ಯಾರು? ಉತ್ತರವಿಲ್ಲದವರಿಗೆ ಬೀಜವೂ ಇಲ್ಲ.